ಹತ್ತಂಕಿಯ ಖಾನೆ

ಫೋನು ಮತ್ತೆ ಬಡಿದುಕೊಂಡಿತು. ಅರ್ಧ ಕೂಡಿಸಿದ ಅಂಗಿಯ ತೋಳನ್ನು ಯಂತ್ರದ ಮೇಲೇ ಬಿಟ್ಟು ಕತ್ತರಿಯಕ್ಕ ಅದನ್ನು ಕಿವಿಗಿಟ್ಟಳು. ಕೈಯೂ ಬಾಯಿಯೂ ಒಂದೇ ಹರಿತ ಎಂದು ಬೀದಿಯವರು ಈ ಹೊಲಿಗೆಯವಳಿಗೆ ಇಟ್ಟ ಹೆಸರು ಅದು.

"ಕಣ್ಣಾಸ್ಪತ್ರೆಯಿಂದ. ನಿಮ್ಮನೆ ಅಜ್ಜಿಗೆ ಗುರುವಾರ ಆಪರೇಷನ್..."

"ನಮ್ಮನೇಲಿ ಅಜ್ಜಿ ಇಲ್ಲ ಅಂತ ಎಷ್ಟು ಸಲ ಬಡ್ಕೋಬೇಕ್ರೀ?"

ಮೂರು ತಿಂಗಳಿಂದ ಇದೇ ಗೋಳು. ದಿನಕ್ಕೆ ಐದಾರು ಕರೆ. ಒಬ್ಬರ ಪೊರೆ, ಇನ್ನೊಬ್ಬರ ಕನ್ನಡಕ, ಮತ್ತೊಬ್ಬರ ಹನಿಮದ್ದು. ನಂಬರು ತೆಗೆಯಿರಿ ಎಂದರೆ "ಫಾರಂನಲ್ಲಿ ಹಾಗೇ ಇದೆ ಮೇಡಂ" ಎಂಬ ಗಿಳಿಪಾಠ. ಆ ಸಿಟ್ಟಿನಲ್ಲೇ ಮೊನ್ನೆ ಯಾರದೋ ಕೋಟಿನ ತೋಳು ಎರಡಿಂಚು ಗಿಡ್ಡ ಕತ್ತರಿಸಿದ್ದಳು.

"ಇಲ್ಲ ಅಂದ್ರೆ? ಊರಲ್ಲಿಲ್ವಾ?"

"ಸತ್ತೋದ್ರು! ಆಯ್ತಾ? ಹೆಸರು ಹೊಡೆದು ಹಾಕಿ!"

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಬೇರೆ ಯಾರದೋ ಕಣ್ಣಿನ ಕರೆ ಬಂತು. ಕತ್ತರಿಯಕ್ಕ ಅಂಗಡಿಗೆ ಬೀಗ ಜಡಿದು ಆಸ್ಪತ್ರೆಗೆ ನುಗ್ಗಿದಳು.

ನೋಂದಣಿ ಕಿಟಕಿಯ ಮುಂದೆ ಒಬ್ಬ ಮುದುಕಿ ಕಟ್ಟೆಯಂಚನ್ನು ಬೆರಳಿನಿಂದ ತಡವುತ್ತ ನಿಂತಿದ್ದಳು. ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು, ಇನ್ನೊಂದು ಮಂಜು.

"ಅಜ್ಜಿ, ನಿಮ್ಮ ಹೆಸರು ತೆಗೆದಿದಾರೆ. ನೀವು ತೀರಿಹೋದ್ರಿ ಅಂತ ನಿನ್ನೆ ಮನೆಯವರೇ ಫೋನಲ್ಲಿ ಹೇಳಿದಾರೆ," ಎಂದ ಗುಮಾಸ್ತ.

"ಯಾವ ಮನೆಯವರಪ್ಪಾ? ನಂಗ್ಯಾರಿದಾರೆ? ಫೋನೂ ಇಲ್ಲ. ಖಾಲಿ ಬಿಟ್ರೆ ಫಾರಂ ಮುಂದಕ್ಕೇ ಹೋಗಲ್ಲ ಅಂತ ಕಂಪ್ಯೂಟರ್ ಅಂಗಡಿಯವನು ಅಲ್ಲಿ ತೋರಿಸಿದ್ ನಂಬರನ್ನೇ ಒತ್ತಿದ. ಮೂರು ತಿಂಗಳು ಕಾದಿದೀನಿ."

ನಿನ್ನೆ ಫೋನಲ್ಲಿ ತಾನು ಸಾಯಿಸಿದ ಅಜ್ಜಿ ಇವಳೇ ಎಂದು ಕತ್ತರಿಯಕ್ಕನಿಗೆ ಹೊಳೆಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ತನ್ನ ಮೇಲೆ ಹುಟ್ಟಿದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಅವಳು ಕಟ್ಟೆ ಗುದ್ದಿದಳು. "ಆ ಫಾರಂ ಮಾಡಿದ ಮಹಾನುಭಾವ ಯಾರು? ಕರೀರಿ!"

ಒಳಕೋಣೆಯಿಂದ ಬಂದವನು ಬೋಳುತಲೆಯ ಹಳೇ ಗಿರಾಕಿ. ಮೈಮೇಲಿದ್ದ ಅಂಗಿ ಇವಳೇ ಹೊಲಿದದ್ದು.

"ಅಕ್ಕಾ, ನೀವಾ!" ಎಂದು ಅವನು ಪರದೆ ತಿರುಗಿಸಿ ತೋರಿಸಿದ. ಫೋನಿನ ಖಾನೆಯೊಳಗೆ ಅವಳ ನಂಬರು ಮಸುಕಾಗಿ ಕೂತಿತ್ತು. "ಇದು ನಂಬರು ಹೇಗೆ ತುಂಬಬೇಕು ಅಂತ ತೋರಿಸೋ ಬರೀ ನಮೂನೆ ಅಕ್ಕ. ಖಾಲಿ ಬಿಡಬಾರದು ಅಂತ ರಿಕ್ವೈರ್ಡ್ ಹಾಕಿದೀನಿ, ಹತ್ತೇ ಅಂಕಿ ಇರಬೇಕು ಅಂತ ಪ್ಯಾಟರ್ನ್. ತಪ್ಪಿದ್ರೆ ಬ್ರೌಸರೇ ತಡೆಯುತ್ತೆ, ನಾನು ಬೇರೆ ಏನೂ ಬರೀಬೇಕಾಗಿಲ್ಲ."

"ನನ್ನ ನಂಬರೇ ಯಾಕೆ?"

"ಪರೀಕ್ಷೆ ಮಾಡೋಕೆ ಹತ್ತಂಕಿ ಬೇಕಿತ್ತು. ಮೇಜಿನ ಮೇಲೆ ನಂಬರು ಅಚ್ಚಾಗಿರೋ ನಿಮ್ಮ ಅಂಗಡಿ ಚೀಲ ಇತ್ತು. ಆಮೇಲೆ ತೆಗೆಯೋದು ಮರೆತೆ."

"ತೋಳಿಲ್ಲದವನು ಬಂದ್ರೆ, ತೋಳಿನ ಅಳತೆ ಕೊಡಲೇಬೇಕು ಅಂತ ನಾನು ಹಠ ಹಿಡೀತೀನೇನಯ್ಯಾ? ಹಿಡಿದ್ರೆ ಅವನು ಪಕ್ಕದವನ ತೋಳು ತೋರಿಸ್ತಾನೆ!"

"ಹತ್ತಂಕಿ ಇದೆಯಾ ಅಂತ ಮಾತ್ರ ಅದು ನೋಡುತ್ತೆ ಅಕ್ಕ. ಯಾರ ನಂಬರು ಅಂತ ಅದಕ್ಕೆ ಗೊತ್ತಾಗಲ್ಲ."

"ಅದಕ್ಕೆ ಗೊತ್ತಾಗಲ್ಲ. ನಿಂಗೆ ಗೊತ್ತಾಗ್ಬೇಕಿತ್ತು!"

ಇಡೀ ಸಾಲು ಇವಳತ್ತಲೇ ನೋಡುತ್ತಿತ್ತು. ಮುದುಕಿ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಅದೆಲ್ಲ ಇರ್ಲಮ್ಮ. ನಾನು ಸತ್ತೆ ಅಂದ ಪುಣ್ಯಾತ್ಮರು ಯಾರು?"

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ನಾನೇ," ಎಂದಳು ಕತ್ತರಿಯಕ್ಕ.

ಗುರುವಾರದ ಜಾಗ ಆಗಲೇ ಬೇರೆಯವರ ಪಾಲಾಗಿತ್ತು. ಯಾರಾದರೂ ತಪ್ಪಿಸಿಕೊಂಡರೆ ಫೋನು ಮಾಡುತ್ತೇವೆ, ತಕ್ಷಣ ಉತ್ತರ ಬರದಿದ್ದರೆ ಮುಂದಿನವರಿಗೆ ಹೋಗುತ್ತದೆ ಎಂದ ಗುಮಾಸ್ತ. ಫಾರಂನವನು ಮುಖ ಸಣ್ಣ ಮಾಡಿಕೊಂಡು ಅಲ್ಲೇ ಕೂತು ಫೋನಿನ ಖಾನೆಯ ರಿಕ್ವೈರ್ಡ್ ಕಿತ್ತ, ನಮೂನೆಯನ್ನೂ, ಹಳೇ ಫಾರಂಗಳಲ್ಲಿ ಸೇರಿಕೊಂಡಿದ್ದ ಅವಳ ನಂಬರನ್ನೂ ಅಳಿಸಿದ. ಮುದುಕಿಗೆ ಹೊಸ ಫಾರಂ ತೆರೆದ.

"ನನ್ನ ನಂಬರು ಹಾಕು," ಎಂದಳು ಕತ್ತರಿಯಕ್ಕ.

"ಸಂಬಂಧ ಏನಂತ ಬರೀಲಿ? ಅದನ್ನ ಖಾಲಿ ಬಿಡೋ ಹಾಗಿಲ್ಲ."

"ನನ್ನ ಸಾಯಿಸಿದವಳು ಅಂತ ಬರಿ," ಎಂದಳು ಮುದುಕಿ. ಅವಳು ನಗುತ್ತಿರಲಿಲ್ಲ. ಫಾರಂನವನು ಕತ್ತರಿಯಕ್ಕನ ಮುಖ ನೋಡಿದ. "ಬರಿಯಯ್ಯಾ," ಎಂದಳು ಅವಳು. ಖಾನೆ ಅದನ್ನೂ ತಕರಾರಿಲ್ಲದೆ ನುಂಗಿತು.

ಆಮೇಲೆ ಫೋನು ಬಾಯಿ ಹೊಲಿದುಕೊಂಡಿತು. ದಿನಕ್ಕೆ ಐದಾರು ಸಲ ಕಿರುಚುತ್ತಿದ್ದ ಹಾಳಾದ್ದು ಈಗ ಆಸ್ಪತ್ರೆಯ ಹೆಸರಲ್ಲಿ ಕೆಮ್ಮಲೂ ಇಲ್ಲ. ಕತ್ತರಿಯಕ್ಕ ಅದನ್ನು ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡು ಬೈದಳು. ಸ್ನಾನಕ್ಕೆ ಹೋದರೂ ಬಾಗಿಲ ಬಳಿ ಇಟ್ಟಳು. ಗಿರಾಕಿಗಳು ಮಾಡಿದರೆ "ಬೇಗ ಹೇಳಿ, ಬೇಗ ಇಡಿ" ಎಂದು ಗದರಿದಳು.

ಹನ್ನೆರಡನೇ ದಿನ ಅದು ಬಡಿದುಕೊಂಡಿತು. "ಕಣ್ಣಾಸ್ಪತ್ರೆಯಿಂದ. ನಾಳೆಗೆ ಒಂದು ಜಾಗ ಖಾಲಿಯಾಗಿದೆ. ನಿಮ್ಮನೆ ಅಜ್ಜಿ..."

"ಇದಾರೆ!" ಕತ್ತರಿಯಕ್ಕ ಕೂಗಿದ ರಭಸಕ್ಕೆ ಎದುರಂಗಡಿಯವರು ಹೊರಗೆ ಬಂದರು. "ಬದುಕಿದಾರೆ ಕಣ್ರೀ! ಹೆಸರು ಹೊಡೀಬೇಡಿ!"