ಹೆಬ್ಬಲಸಿನ ಮರದ ಉದ್ಘಾಟನೆ

ಸಕಲೇಶಪುರದ ಶಫಿ ತನ್ನ ಪಿಕಪ್ ಗಾಡಿಯಲ್ಲಿ ಕಾಫಿ, ಮೆಣಸಿನ ಮೂಟೆಗಳನ್ನು ಹೇರಿಕೊಂಡು ವರ್ಷವಿಡೀ ಗುಡ್ಡ ಹತ್ತಿ ಗುಡ್ಡ ಇಳಿಯುತ್ತಿದ್ದ. ಮೂಟೆಗಳು ನೋಡಿದಷ್ಟು ಊರುಗಳನ್ನು ತಾನು ನೋಡಿಲ್ಲ ಎಂದು ಹೆಂಡತಿ ಆತಿಕಾ ಆಗಾಗ ಹೇಳುತ್ತಿದ್ದಳು. ಈ ಸಲ ಅವಳ ಜೊತೆಗೆ ಮಕ್ಕಳೂ ಸೇರಿಕೊಂಡರು. ಎರಡನೇ ಕ್ಲಾಸಿನ ಹುಜೈಫಾ ಮತ್ತು ಇನ್ನೂ ಅಂಗನವಾಡಿಗೆ ಹೋಗುವ ಸಫೂರಾ, ಯಾವುದೋ ದೇಶದ ಮಕ್ಕಳು ಭಾರೀ ಮರಗಳ ಕೆಳಗೆ ಟೆಂಟ್ ಹಾಕಿ ಮಲಗುವುದನ್ನು ಫೋನಿನಲ್ಲಿ ನೋಡಿದ್ದರು. ಅಂದಿನಿಂದ ಊಟಕ್ಕೆ ಕರೆದರೆ ಟೆಂಟ್, ಸ್ನಾನಕ್ಕೆ ಕರೆದರೆ ಟೆಂಟ್.

ಮರಗಳ ಚಿಂತೆ ಶಫಿಗೆ ಇರಲಿಲ್ಲ. ಯಸಳೂರಿನ ಕಡೆ ಅವನು ಲೋಡಿಗೆ ಹೋಗುವ ಎಸ್ಟೇಟಿನ ತಗ್ಗಿನಲ್ಲಿ, ಹಳ್ಳದ ಪಕ್ಕ, ಯಾರೂ ಗಿಡ ನೆಡದೆ ಬಿಟ್ಟ ಒಂದು ತುಂಡು ಜಾಗವಿತ್ತು. ಅಲ್ಲಿಯ ಹೆಬ್ಬಲಸಿನ ಮರಗಳ ತುದಿ ನೋಡಲು ಕತ್ತೆತ್ತಿದರೆ ಟೋಪಿ ಹಿಂದಕ್ಕೆ ಬೀಳುತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಯಾನಂದ ಒಪ್ಪಿಗೆಯನ್ನೂ ಕೊಟ್ಟ. ಆನೆಗಳು ಸದ್ಯ ಆಲೂರಿನ ಕಡೆಗೆ ದಾಟಿವೆ, ಆದರೂ ಫೋನ್ ಆನ್ ಇರಲಿ, ಈ ಕಡೆ ತಿರುಗಿದರೆ ತಿಳಿಸುತ್ತೇನೆ ಎಂದ.

ಉಳಿದದ್ದು ಟೆಂಟ್. ಅದಕ್ಕೆ ಶಫಿ ನೇರವಾಗಿ ಗೆಳೆಯ ಪ್ರದೀಪನ ಟೆಂಟ್ ಹೌಸಿಗೆ ಹೋದ. ಟೆಂಟ್ ಹೌಸಿನಲ್ಲಿ ಸಿಗದ ಟೆಂಟ್ ಇನ್ನೆಲ್ಲಿ ಸಿಗುತ್ತದೆ ಎಂಬುದು ಅವನ ಲೆಕ್ಕ. ಪ್ರದೀಪನಿಗೂ ಅನುಮಾನ ಬರಲಿಲ್ಲ. ಕೆಂಪು ಹಳದಿ ಪಟ್ಟಿಯ, ಅಂಚಿಗೆಲ್ಲ ಜಾಲರಿ ತೂಗುವ ಶಾಮಿಯಾನ, ಅದರ ಕಂಬಗಳು, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಎಲ್ಲವನ್ನೂ ಗಾಡಿಗೆ ಹಾಕಿಸಿದ. ಸ್ನೇಹಕ್ಕೆಂದು ‘ಸುಸ್ವಾಗತ’ ಎಂದು ಬರೆದ ಕಮಾನೊಂದನ್ನೂ ಕೊಟ್ಟ.

ಶನಿವಾರ ಬೆಳಿಗ್ಗೆ ಹೊರಟರು. ಶಫಿಯ ತಾಯಿ ಮರಿಯಮ್ ಬೀಯನ್ನು ಮನೆಯಲ್ಲಿ ಬಿಟ್ಟು ಹೋಗುವ ಆಲೋಚನೆಯಿತ್ತು. ಆದರೆ ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತಿದ್ದವರೇ ಅವರು. ತೊಡೆಯ ಮೇಲೆ ಸಫೂರಾ, ಕಾಲ ಬಳಿ ಕೋಳಿ ಸಾರಿನ ಡಬ್ಬಿ. ಗೀ ರೈಸಿನ ದೊಡ್ಡ ಪಾತ್ರೆಯನ್ನು ಹಿಂದೆ ಕುರ್ಚಿಗಳ ನಡುವೆ ಹಗ್ಗ ಹಾಕಿ ಕಟ್ಟಲಾಗಿತ್ತು. ಐದು ಜನಕ್ಕೆ ಇಷ್ಟೇಕೆ ಎಂದು ಆತಿಕಾ ಕೇಳಿದ್ದಕ್ಕೆ, ಕಾಡಿನ ಗಾಳಿಗೆ ಹಸಿವು ಜಾಸ್ತಿ ಎಂದಿದ್ದರು. ದಾರಿಯಲ್ಲಿ ಹುಜೈಫಾ ಎರಡು ಸಲ ವಾಂತಿ ಮಾಡಿದ. ಎರಡು ಸಲವೂ ಈಗ ಟೆಂಟ್ ಹತ್ತಿರ ಬಂತಾ ಎಂದು ಕೇಳಿದ.

ಮರಗಳ ಕೆಳಗೆ ಶಾಮಿಯಾನ ಎದ್ದು ನಿಂತಾಗ ಮಕ್ಕಳು ಅದರ ಸುತ್ತ ಒಂದು ಸುತ್ತು ಬಂದರು. ಫೋನಿನಲ್ಲಿ ಕಂಡ ಟೆಂಟಿಗೆ ಗೋಡೆ ಇತ್ತು, ಬಾಗಿಲಿಗೆ ಜಿಪ್ ಇತ್ತು. ಇದಕ್ಕೆ ಜಾಲರಿ ಇತ್ತು. ಆತಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಳ್ಳದ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿದ್ದುದನ್ನು ಶಫಿ ನೋಡಿದ, ನೋಡದವನಂತೆ ಕಮಾನನ್ನೂ ನಿಲ್ಲಿಸಿಬಿಟ್ಟ.

ಮೊದಲು ಬಂದವಳು ಕೆಂಚಮ್ಮ. ಶನಿವಾರವಾದ್ದರಿಂದ ಮಧ್ಯಾಹ್ನಕ್ಕೇ ಎಸ್ಟೇಟಿನ ಕೆಲಸ ಮುಗಿಸಿ ಜೊತೆಯವರೊಂದಿಗೆ ಕೆಲಸಗಾರರ ಲೈನ್ ಮನೆಗೆ ಹೋಗುತ್ತಿದ್ದವಳು, ಮರಗಳ ನಡುವೆ ಕೆಂಪು ಹಳದಿ ಕಂಡು ಇಳಿದು ಬಂದಳು. ಯಾರ ಮದುವೆ ಎಂದು ಕೇಳಿದಳು. ಮದುವೆ ಇಲ್ಲ ಎಂದು ಶಫಿ ಹೇಳುವಷ್ಟರಲ್ಲಿ ಮರಿಯಮ್ ಬೀ ಕುರ್ಚಿ ಎಳೆದು ಹಾಕಿದ್ದರು. ಊಟದ ಹೊತ್ತಿಗೆ ಬಂದವರನ್ನು ಬಾಗಿಲಿನಿಂದ ಕಳಿಸಿ ಅವರಿಗೆ ಅಭ್ಯಾಸವಿರಲಿಲ್ಲ, ಬಾಗಿಲೇ ಇಲ್ಲದ ಕಡೆ ಹೇಗೆ ಕಳಿಸುತ್ತಾರೆ. ಕೆಂಚಮ್ಮನ ತಂಡ ಕೈತೊಳೆದು ಕೂತಿತು. ಉಂಡವರಲ್ಲಿ ಒಬ್ಬಳು ಬರಿಗೈಯಲ್ಲಿ ಬಂದು ಉಂಡೆನಲ್ಲ ಎಂದು ಮನೆಗೆ ಹೋಗಿ ಬಾಳೆಗೊನೆ ತಂದಳು, ಜೊತೆಗೆ ಅತ್ತೆಯನ್ನೂ ಕರೆತಂದಳು. ಅತ್ತೆಯ ಹಿಂದೆ ಪಕ್ಕದ ಮನೆಯವರು ಬಂದರು. ಕೆಂಚಮ್ಮ ಮತ್ತು ಮರಿಯಮ್ ಬೀ ಅಷ್ಟರಲ್ಲಿ ಮಂಡಿನೋವಿನ ವಿಷಯಕ್ಕೆ ಇಳಿದು, ಯಾರದು ಹೆಚ್ಚು ಎಂದು ಸ್ಪರ್ಧೆಗೆ ಬಿದ್ದಿದ್ದರು.

ಆಗ ಸ್ಕೂಟರಿನಲ್ಲಿ ರಂಗಸ್ವಾಮಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೊಮ್ಮೆ ಪಂಚಾಯಿತಿ ಮೆಂಬರ್ ಆಗಿದ್ದವರು. ಸುತ್ತಮುತ್ತ ಶಾಮಿಯಾನ ಎದ್ದರೆ ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಇದು ಗೊತ್ತಾಗದೆ ಹೋದದ್ದು ಅವರ ಮನಸ್ಸಿಗೆ ನೋವು ತಂದಿತ್ತು.

“ನಮ್ಮೂರಾಗೆ ಫಂಕ್ಷನ್ ಇಟ್ಕಂಡು ನಮ್ಗೇ ಒಂದ್ ಮಾತ್ ಹೇಳ್ದೆ ಇದ್ರೆ ಹೆಂಗೆ ಸಾಹೇಬ್ರೆ,” ಎಂದರು. “ಇರ್ಲಿ ಬುಡಿ. ಏನ್ ಕಾರ್ಯಕ್ರಮ?”

ಇಷ್ಟು ಜನರ ಮುಂದೆ, ಇಷ್ಟು ದೊಡ್ಡ ಶಾಮಿಯಾನದ ಕೆಳಗೆ, ಮಲಗಲು ಬಂದಿದ್ದೇವೆ ಎನ್ನಲು ಶಫಿಗೆ ನಾಚಿಕೆಯಾಯಿತು. “ಅದು... ಮರದ್ದು,” ಎಂದ.

ರಂಗಸ್ವಾಮಿ ತಲೆಯೆತ್ತಿ ಮರವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಇಂಥದ್ದೊಂದು ಆಗಬೇಕಿತ್ತು, ಯಾರೂ ಮಾಡಿರಲಿಲ್ಲ ಎಂದು ಹೇಳಿ ಅಂಗಿಯ ತೋಳು ಸರಿಮಾಡಿಕೊಂಡರು. ಉದ್ಘಾಟನೆಗೆ ಯಾರು ಬರುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದು ತಿಳಿದಾಗ ಅವರ ನೋವೆಲ್ಲ ಮಾಯವಾಯಿತು.

ಟೇಪಿಗೆ ಸಫೂರಾಳ ಜಡೆಯ ರಿಬ್ಬನ್ ಬಿಚ್ಚಿದರು. ಮರದ ಸುತ್ತ ಕಟ್ಟಲು ಹೋದರೆ ಒಂದು ಬೇರಿಗೂ ಸಾಲಲಿಲ್ಲ. ಕೊನೆಗೆ ಎರಡು ಕುರ್ಚಿಗಳ ನಡುವೆ ಕಟ್ಟಿದರು. ಕತ್ತರಿ ಇರಲಿಲ್ಲವಾದ್ದರಿಂದ ರಂಗಸ್ವಾಮಿ ಗಂಟನ್ನೇ ಎಳೆದು ಬಿಚ್ಚಿ, ಈ ಮರವನ್ನು ಲೋಕಾರ್ಪಣೆ ಮಾಡುತ್ತಿರುವುದು ತಮ್ಮ ಭಾಗ್ಯ ಎಂದರು. ಚಪ್ಪಾಳೆ ಬಿತ್ತು. ಮೇಲೆಲ್ಲೋ ಮಂಗವೊಂದು ಗಾಬರಿಯಿಂದ ಕೊಂಬೆ ಬದಲಿಸಿತು.

ಹುಜೈಫಾ ಎದುರಿಗೆ ಬಂದು ನಿಂತ. “ಇಷ್ಟು ದಿನ ಇದು ಬಂದ್ ಆಗಿತ್ತಾ?”

ರಂಗಸ್ವಾಮಿ ಯೋಚಿಸಿದರು. “ಓಪನ್ನೇ ಇತ್ತು ಕಣಪ್ಪ. ಈಗ ಅಧಿಕೃತವಾಗಿ ಓಪನ್.”

ಹಾಗಾದರೆ ಒಳಗೆ ಹೋಗೋಣ ಎಂದು ಮಕ್ಕಳಿಬ್ಬರೂ ಗೋಡೆಯಂತೆ ಎದ್ದಿದ್ದ ಬೇರುಗಳ ಸಂದಿಗೆ ನುಗ್ಗಿದರು. ಲೈನ್ ಮನೆಯ ಮಕ್ಕಳೂ ಸೇರಿಕೊಂಡರು. ಒಂದು ಸಂದಿ ಬಸ್ಸಾಯಿತು, ಇನ್ನೊಂದು ಆಸ್ಪತ್ರೆಯಾಯಿತು. ಸಫೂರಾ ಎಲ್ಲರಿಗೂ ಕಡ್ಡಿಯಲ್ಲಿ ಇಂಜೆಕ್ಷನ್ ಚುಚ್ಚಿದಳು, ರಂಗಸ್ವಾಮಿಯವರಿಗೂ.

ಬಿಸಿಲು ಇಳಿಯಿತು. ಆತಿಥ್ಯ ಕೊಟ್ಟವರು ಹೊರಡುವ ಮುಂಚೆ ಎದ್ದರೆ ಚೆನ್ನಾಗಿರದು ಎಂದು ಬಂದವರು ಕೂತೇ ಇದ್ದರು. ಬಂದವರು ಎದ್ದರೆ ಚಾಪೆ ಹಾಸಬಹುದು ಎಂದು ಶಫಿ ಕಾಯುತ್ತಲೇ ಇದ್ದ. ಎಲ್ಲರೂ ಎಲ್ಲರಿಗೂ ನಗು ತೋರಿಸಿದರು. ಆಗ ಸಫೂರಾ ಬಂದು ಅಪ್ಪನ ಅಂಗಿ ಜಗ್ಗಿ, ದೊಡ್ಡ ದನಿಯಲ್ಲಿ ಕೇಳಿದಳು.

“ಅಬ್ಬಾ, ಇವ್ರೆಲ್ಲ ನಮ್ ಜೊತೇನೇ ಮಲಗ್ತಾರಾ?”

ಶಫಿ ಇದ್ದದ್ದನ್ನು ಹೇಳಿಬಿಟ್ಟ. ಟೆಂಟಿನ ಕಥೆ ಮುಗಿಯುವಷ್ಟರಲ್ಲಿ ಕೆಂಚಮ್ಮ ನಕ್ಕು ನಕ್ಕು ಮರಿಯಮ್ ಬೀಯ ಮಂಡಿಯ ಮೇಲೇ ಹೊಡೆದಳು. ಅವರೂ ನೋವು ಮರೆತು ನಕ್ಕರು. ರಂಗಸ್ವಾಮಿ ಮಾತ್ರ ನಗಲಿಲ್ಲ. ಏನೇ ಇರಲಿ, ಉದ್ಘಾಟನೆ ಆದದ್ದು ಆಯಿತು, ಅದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ ಎಂದರು.

ಅಷ್ಟರಲ್ಲಿ ದಯಾನಂದನ ಫೋನ್ ಬಂತು. ಆನೆಗಳು ತಿರುಗಿವೆ, ಕತ್ತಲಾಗುವ ಮೊದಲು ಜಾಗ ಖಾಲಿ ಮಾಡಿ. ನೆಂಟರಂತೆ ಕೂತಿದ್ದವರೆಲ್ಲ ಕಂಬ ಕೀಳಲು ನಿಂತರು. ಮನೆಗೆ ಹೋಗೋಣ ಎಂದ ಕೂಡಲೇ ಮಕ್ಕಳಿಬ್ಬರೂ ಒಟ್ಟಿಗೆ ಅಳಲು ಶುರುಮಾಡಿದರು. ತಾವು ಉದ್ಘಾಟಿಸಿದ ಕಾರ್ಯಕ್ರಮ ಅಳುವಿನಲ್ಲಿ ಮುಗಿಯುವುದು ರಂಗಸ್ವಾಮಿಯವರಿಗೆ ಒಪ್ಪಿಗೆಯಾಗಲಿಲ್ಲ. ಪಿಕಪ್ಪನ್ನು ತಮ್ಮ ಮನೆಗೇ ತಿರುಗಿಸಲು ಹೇಳಿದರು.

ಅವರ ನಡುಮನೆಯಲ್ಲಿ ನಡುವೆ ಜಾಗ ಬಿಟ್ಟು ಎರಡು ಮಂಚ ಎಳೆದು, ಮೇಲೆ ಶಾಮಿಯಾನದ ಬಟ್ಟೆಯನ್ನು ನೆಲದವರೆಗೆ ಇಳಿಯುವಂತೆ ಹೊದಿಸಿ, ನಾಲ್ಕು ಮೂಲೆಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿದರು. ಈ ಸಲ ಟೆಂಟಿಗೆ ಗೋಡೆ ಇತ್ತು. ಗಟ್ಟಿಯಾಗಿದೆಯೋ ಇಲ್ಲವೋ ನೋಡುತ್ತೇನೆ ಎಂದು ರಂಗಸ್ವಾಮಿ ತೆವಳಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗೊರಕೆ ಕೇಳಿಸಿತು. ಮಕ್ಕಳು ಅವರನ್ನು ಎಬ್ಬಿಸದೆ ಎರಡೂ ಕಡೆ ಹೋಗಿ ಮಲಗಿಕೊಂಡರು.

ಬೆಳಿಗ್ಗೆ ರಂಗಸ್ವಾಮಿಯವರ ಹೆಂಡತಿ ಕಾಫಿ ಲೋಟವನ್ನು ಬಟ್ಟೆಯ ಸಂದಿಯಿಂದ ಒಳಗೆ ತೂರಿಸಿದರು. ಒಳಗಿನಿಂದ ಮೂರು ಕೈಗಳು ಹೊರಬಂದವು. ಜಗುಲಿಯಲ್ಲಿ ಕೂತಿದ್ದ ಆತಿಕಾ ಗಂಡನನ್ನು ಮೊಣಕೈಯಿಂದ ತಿವಿದು, ಮುಂದಿನ ತಿಂಗಳು ಎಡಕುಮೇರಿ ಕಾಡಿನ ಕಡೆ ಹೋಗೋಣವೇ ಎಂದು ಕೇಳಿದಳು. ಶಫಿ ರಾತ್ರಿ ನೆಲದ ಮೇಲೆ ಮಲಗಿ ಹಿಡಿದುಕೊಂಡಿದ್ದ ಸೊಂಟವನ್ನು ನೀವಿಕೊಳ್ಳುತ್ತ ಹೂಂ ಎಂದ.