ಔಷಧ ಹಾಕದ ಸೀಸೆ

ಮೂರು ವರ್ಷದಿಂದ ನಾನು ಒಂದೇ ಮಾತನ್ನು ಸಾಧಿಸುತ್ತ ಬಂದಿದ್ದೆ. ಮಲೇರಿಯಾದ ಹಳೆಯ ಮಾತ್ರೆಗೆ ಬಗ್ಗದ ಪರಾವಲಂಬಿ ಹೊರಗೆ ಜಟ್ಟಿ, ಒಳಗೆ ಬಡಕಲು. ಮಾತ್ರೆ ನಿಲ್ಲಿಸಿದರೆ, ಮಾತ್ರೆಗೆ ಸಾಯುವ ಸಾಧು ತಳಿಯೇ ಅದನ್ನು ಹಿಂದೆ ಹಾಕುತ್ತದೆ, ಹಳೆಯ ಮಾತ್ರೆ ಮತ್ತೆ ಕೆಲಸಕ್ಕೆ ಬರುತ್ತದೆ. ಇದನ್ನು ತೋರಿಸಲು ಎರಡನ್ನೂ ಔಷಧ ಹಾಕದ ಸೀಸೆಗಳಲ್ಲಿ ಒಟ್ಟಿಗೆ ಬೆಳೆಸುತ್ತಿದ್ದೆ. ಪ್ರತಿ ಸಲವೂ ಸಾಧುವೇ ಗೆಲ್ಲುತ್ತಿತ್ತು. ಸೋಮವಾರ ಇದನ್ನೆಲ್ಲ ಸಂಶೋಧನಾ ಸಮಿತಿಯ ಮುಂದಿಡಬೇಕಿತ್ತು. ಗುರುವಾರ ನೋಡಿದರೆ ಹೊಸ ಸೀಸೆಗಳಲ್ಲೆಲ್ಲ ಸಾಧು ಸತ್ತಿತ್ತು, ಜಟ್ಟಿ ಮೆರೆಯುತ್ತಿತ್ತು.

ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಸೀಸೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಅದಕ್ಕೆ ಗ್ಯಾಸ್ ಸಿಲಿಂಡರ್ ತರುವವನ ಮೇಲೆ ವಿನಾಕಾರಣ ರೇಗಿದೆ. ನಮ್ಮ ಮುಖ್ಯಸ್ಥರನ್ನು ನಾವು ಅನುಮಾನದ ಮೇಷ್ಟ್ರು ಎನ್ನುತ್ತೇವೆ. ಹಗಲನ್ನೂ ಎರಡು ಸಲ ಕಿಟಕಿಯಲ್ಲಿ ಇಣುಕಿ ನೋಡಿಯೇ ಒಪ್ಪುವ ಆಸಾಮಿ.

"ನಿನ್ನ ಸಿದ್ಧಾಂತವೇ ತಪ್ಪಿರಬಹುದಲ್ಲಮ್ಮ," ಎಂದರು. "ಸೋಮವಾರ ಹಾಗೇ ಹೇಳಿಬಿಡು."

ಊಟ ಸೇರಲಿಲ್ಲ, ಯಾರ ಮಾತೂ ತಲೆಗೆ ಹೋಗಲಿಲ್ಲ.

ಶುಕ್ರವಾರ ಮಧ್ಯಾಹ್ನ, ಒಂಟಿಯಾಗಿ ಇಟ್ಟಿದ್ದ ಸಾಧುವಿನ ಸೀಸೆಯನ್ನೂ ನೋಡಿದೆ. ಅಲ್ಲಿ ಜಟ್ಟಿಯೇ ಇಲ್ಲ, ಆದರೂ ಸಾಧು ಸತ್ತಿತ್ತು. ಹೀಗೆ ಆರಿಸಿ ಕೊಲ್ಲುವುದು ಆ ಮಾತ್ರೆಯ ಜಾತಿಯೊಂದೇ. ಅಂದರೆ ಔಷಧ ಹಾಕದ ಸೀಸೆಯಲ್ಲಿ ಔಷಧ ಇದೆ. ಮಾತ್ರೆ ಇದ್ದಲ್ಲಿ ಜಟ್ಟಿ ಗೆಲ್ಲಲೇಬೇಕು. ನಾನು ತಪ್ಪಿರಲಿಲ್ಲ. ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟೆ.

ಮನೆಯ ಬಸ್ಸು ಹತ್ತಿದ ಮೇಲೆ ಆ ಖುಷಿ ಇಳಿಯಿತು. ಪೋಷಕದ್ರವ ಹಳೆಯದೇ, ಸೀಸೆಗಳೂ ಹಳೆಯ ಪೆಟ್ಟಿಗೆಯವೇ. ಹೊಸದಾಗಿ ಬಂದದ್ದು ರಕ್ತ ಮಾತ್ರ. ಈ ಜೀವಿಗಳು ಮನುಷ್ಯರ ಕೆಂಪು ರಕ್ತಕಣದೊಳಗೇ ಬೆಳೆಯಬೇಕು, ಆ ರಕ್ತ ಕೊಡುತ್ತಿದ್ದವಳು ನನ್ನ ಅಕ್ಕ. ನಮ್ಮಿಬ್ಬರದೂ ಒಂದೇ ಗುಂಪು, ಆದರೆ ಸೂಜಿ ಕಂಡರೆ ನನಗೆ ತಲೆ ಸುತ್ತುತ್ತದೆ. ಪ್ರತಿ ಸಲವೂ ನಿಯಮದಂತೆ ಕೇಳುತ್ತಿದ್ದೆ, "ಮಾತ್ರೆ ಗೀತ್ರೆ ಏನಾದ್ರೂ ತಗೊಂಡ್ಯಾ?" ಅವಳದು ಒಂದೇ ಉತ್ತರ: "ಗುಂಡುಕಲ್ಲಿನ ಹಾಗಿದ್ದೀನಿ, ನಂಗ್ಯಾಕೆ ಮಾತ್ರೆ?"

ಆ ಹಳೆಯ ಮಾತ್ರೆಗೆ ಒಬ್ಬ ತಮ್ಮನಿದ್ದಾನೆ, ಅದೇ ಜಾತಿಯ ಇನ್ನೊಂದು ಮಾತ್ರೆ. ಅವನನ್ನು ಕೀಲುಗಳ ಊತಕ್ಕೆ ಕೊಡುತ್ತಾರೆ.

ಅಕ್ಕ ಹೊಲಿಗೆಯವಳು. ಹೊಲಿದೇ ನನ್ನನ್ನು ಓದಿಸಿದವಳು. ನಾನು ಹೋದಾಗ ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಸೂಜಿ ಬೆರಳಿನಿಂದ ಜಾರುತ್ತಿತ್ತು, ಹೆಕ್ಕುತ್ತಿದ್ದಳು, ಮತ್ತೆ ಜಾರುತ್ತಿತ್ತು. ಹೋದ ತಿಂಗಳು ಅವಳು ಡಬ್ಬಿಯ ಮುಚ್ಚಳ ತೆಗೆದುಕೊಡು ಎಂದಾಗ "ಏನಜ್ಜಿ, ವಯಸ್ಸಾಯ್ತಾ?" ಎಂದು ನಕ್ಕಿದ್ದೆ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಳ್ಳಲ್ಲ.

"ಎಷ್ಟು ದಿನದಿಂದ ಮಾತ್ರೆ ತಗೋತಿದೀಯಾ?" ಎಂದೆ.

ಅವಳು ತಲೆ ಎತ್ತಲಿಲ್ಲ. "ಯಾರು ಹೇಳಿದ್ರು?"

"ನಿನ್ನ ರಕ್ತ ಹೇಳ್ತು."

"ಎರಡು ತಿಂಗಳಾಯ್ತು. ಬೆಳಿಗ್ಗೆ ಬೆರಳು ಮಡಿಸೋಕೇ ಆಗಲ್ಲ ಕಣೇ."

"ನಂಗ್ಯಾಕೆ ಹೇಳಲಿಲ್ಲ?" ಕೋಪ ಬಂದಿತ್ತು. ಅದು ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

"ಹೇಳಿದ್ರೆ ನನ್ನ ರಕ್ತ ಬೇಡ ಅಂತಿದ್ದೆ. ನಿನ್ನ ಕೆಲಸ ನಂಗೇನು ಅರ್ಥ ಆಗುತ್ತೆ ಹೇಳು. ರಕ್ತ ಕೊಡೋದೊಂದೇ ಗೊತ್ತು. ಆ ನಾಲ್ಕು ಚಮಚದಲ್ಲಾದ್ರೂ ನಾನೂ ಇದ್ದೀನಿ ಅನ್ಕೊಂಡಿದ್ದೆ." ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. "ಎಲ್ಲ ಹಾಳಾಯ್ತಾ?"

"ಇಲ್ಲ. ನಾನು ಹೇಳಿದ್ದೇ ಸರಿ ಅಂತಾಯ್ತು."

"ಮತ್ತೆ ಮುಖ ಯಾಕೆ ಹಾಗಿದೆ?"

ನನಗೆ ಅಳು ಬಂತು. ಅವಳು ಅಂಗಿಯನ್ನು ಬದಿಗಿಟ್ಟಳು.

"ಇನ್ಮೇಲೆ ಯಾರ ರಕ್ತ?" ಎಂದಳು.

"ನಂದೇ."

"ನೀನಾ? ಸೂಜಿ ನೋಡಿದ್ರೆ ಬಿದ್ದೋಗ್ತೀಯ."

"ನೀನು ಬಂದು ಕೈ ಹಿಡ್ಕೋ."

ಶನಿವಾರ ಬಂದಳು. ನರ್ಸ್ ತೋಳಿಗೆ ಪಟ್ಟಿ ಕಟ್ಟುವಾಗ ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅಕ್ಕ ನನ್ನ ಇನ್ನೊಂದು ಕೈ ಹಿಡಿದಳು. ಅವಳ ಬೆರಳುಗಳು ಅರ್ಧಕ್ಕಿಂತ ಹೆಚ್ಚು ಬಾಗಲಿಲ್ಲ. ಉಳಿದರ್ಧ ನಾನೇ ಹಿಡಿದುಕೊಂಡೆ.