ಫರೀಹಾ ನುಂಗಿದ ಮಾತು

ಆಫ್ರಿಕಾದ ಪುಟ್ಟ ದೇಶವೊಂದರಿಂದ ಆರು ಜನ ಅತಿಥಿಗಳು ಪಾವಗಡದ ಸೋಲಾರ್ ಪಾರ್ಕ್ ನೋಡಲು ಬಂದಿದ್ದರು. ಅವರ ದೇಶದಲ್ಲಿ ಇಂಥದೇ ಒಂದು ಪಾರ್ಕ್ ಕಟ್ಟಿಕೊಡಲು ಭಾರತ ಮುಂದಾಗಿತ್ತು. ಇನ್ನೊಂದು ದೊಡ್ಡ ದೇಶವೂ ಅದೇ ಕೆಲಸಕ್ಕೆ ಪೈಪೋಟಿಗಿಳಿದಿತ್ತು. ಪಾರ್ಕಿನ ಪಕ್ಕದ ಬಲಸಮುದ್ರ ಗ್ರಾಮದವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಶಿರಾದ ಕಾಲೇಜಿನ ಉಪನ್ಯಾಸಕಿ ಫರೀಹಾಳನ್ನು ಕರೆಸಿದ್ದರು.

ಪ್ರವಾಸದ ಉಸ್ತುವಾರಿ ಹೊತ್ತ ಸಂಜೀವಯ್ಯ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ್ದ. "ಮೇಡಂ, ಇವತ್ತು ನೀವು ಬಾಯಿ ಬಿಟ್ರೆ ದೇಶ ಬಾಯಿ ಬಿಟ್ಟಂಗೆ. ಅವ್ರು ಖುಷಿಯಾಗಿ ಹೋಗ್ಬೇಕು, ಅಷ್ಟೆ." ಆ ಮಾತು ಕೇಳಿದಾಗಿನಿಂದ ಫರೀಹಾಳ ಕೈಬೆರಳುಗಳು ದುಪಟ್ಟಾದ ಅಂಚನ್ನು ಬಿಟ್ಟಿರಲಿಲ್ಲ.

ಪಾರ್ಕಿಗೆ ಜಮೀನು ಕೊಟ್ಟ ರೈತ ಓಬಳರಾಜು ಮೊದಲು ಮಾತಾಡಿದ. "ಮಳೆ ನಂಬ್ಕೊಂಡು ಮುಗಿಲು ನೋಡೋದು ತಪ್ತು. ವರ್ಷಾ ವರ್ಷಾ ಬಾಡಿಗೆ ಬತ್ತದೆ." ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಫರೀಹಾಳಿಗೆ ಸುಲಭವಾಯಿತು. ಆದರೆ ಅತಿಥಿಗಳಲ್ಲಿ ಹಿರಿಯಳಾದ ತಿಯಾಮಿಕೆ ಕುರ್ಚಿ ಬಿಟ್ಟೆದ್ದು, ಬೇವಿನ ಮರದಡಿ ದೂರ ನಿಂತಿದ್ದ ಹೆಂಗಸರ ಬಳಿಗೆ ಹೋದಳು. ಪಾರ್ಕ್ ಬರಬೇಕಿದ್ದುದು ಅವಳ ಜಿಲ್ಲೆಯಲ್ಲೇ. "ನಿಮ್ಮ ಬದುಕು ಹೇಗಾಗಿದೆ?" ಎಂದು ಅವರಲ್ಲೊಬ್ಬಳಾದ ಆಂಜಿನಮ್ಮನನ್ನು ಫರೀಹಾಳ ಮೂಲಕ ಕೇಳಿದಳು.

"ನಂಗೆ ಒಂದು ಗುಂಟೆ ಭೂಮೀನೂ ಇರ್ಲಿಲ್ಲ ಕಣಮ್ಮ," ಎಂದಳು ಆಂಜಿನಮ್ಮ. "ಈ ಓಬಳರಾಜಂಥೋರ ಹೊಲ್ದಾಗೆ ಕಡ್ಲೆಕಾಯಿ ಕೀಳ್ತಿದ್ದೆ, ಕುರಿ ಮೇಯಿಸ್ಕೊಂಡಿದ್ದೆ. ಈಗ ಕೂಲೀನೂ ಇಲ್ಲ, ಬೇಲಿ ಒಳಕ್ಕೆ ಕುರೀನೂ ಬುಡಾಕಿಲ್ಲ. ಹೊಲ ಇದ್ದೋರ್ಗೆ ಬಾಡಿಗೆ ಬಂತು, ನಮ್ಗೇನ್ ಬಂತು? ಈ ಅಮ್ಮಾರ ಊರ್ನಾಗೂ ನನ್ನಂಥೋರು ಇರ್ತಾರೆ. ಅವ್ರನ್ನ ಕೇಳ್ದೆ ಪಾರ್ಕ್ ಹಾಕ್ಬ್ಯಾಡಿ ಅನ್ನು."

ಸಂಜೀವಯ್ಯ ಕೆಮ್ಮಿದ. ಫರೀಹಾ ಅವನತ್ತ ನೋಡಿದಳು. "ಊರಿಗೆ ಒಳ್ಳೆಯದಾಗಿದೆ ಎನ್ನುತ್ತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

"ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ?" ಎಂದಳು ತಿಯಾಮಿಕೆ.

"ಇಷ್ಟೇ."

ಆಂಜಿನಮ್ಮ ಅವಳ ಮೊಣಕೈ ಮುಟ್ಟಿದಳು. "ಎಲ್ಲಾ ಹೇಳ್ದೇನವ್ವಾ?"

ಫರೀಹಾ ಹೌದೆಂದು ತಲೆಯಾಡಿಸಿದಳು.

ಊಟಕ್ಕೆ ಕೂತಾಗ ಫರೀಹಾಳಿಗೆ ತಂದೆಯ ಮಾತು ನೆನಪಾಯಿತು. ಅವಳ ಅಬ್ಬಾ ನಸ್ರುಲ್ಲಾ ಶಿರಾದ ತಾಲ್ಲೂಕು ಕಚೇರಿಯೆದುರು ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದವರು. "ಅವರ ಮಾತು ಬಿಡಬಾರದು ಬೇಟಿ, ನಮ್ಮದು ಸೇರಿಸಬಾರದು," ಎನ್ನುತ್ತಿದ್ದರು. ಕೈ ತೊಳೆದು ಎದ್ದವಳೇ ತಿಯಾಮಿಕೆಯ ಮುಂದೆ ನಿಂತಳು. "ನಾನು ಸುಳ್ಳು ಹೇಳಿದೆ," ಎಂದು ಶುರುಮಾಡಿ ಆಂಜಿನಮ್ಮನ ಮಾತನ್ನೆಲ್ಲ ಒಪ್ಪಿಸಿದಳು.

ತಿಯಾಮಿಕೆ ತಟ್ಟೆ ಸರಿಸಿದಳು. "ನಡೆ, ಅವರ ಮನೆ ತೋರಿಸು."

ಒಂದು ಗಂಟೆ ಆಂಜಿನಮ್ಮನ ಮನೆಯ ಜಗಲಿಯ ಮೇಲೆ ಮಾತು ನಡೆಯಿತು. ವಾಪಸು ಬರುವಾಗ ಸಂಜೀವಯ್ಯ ಕಿಟಕಿಯಾಚೆ ನೋಡುತ್ತ, "ಕೆಡಿಸ್ಬುಟ್ರಿ ಮೇಡಂ," ಎಂದಷ್ಟೇ ಹೇಳಿದ.

ಮೂರು ತಿಂಗಳು ಫರೀಹಾಳಿಗೆ ನೆಮ್ಮದಿಯಿರಲಿಲ್ಲ. ತನ್ನಿಂದಲೇ ದೇಶದ ಕೆಲಸ ಕೆಟ್ಟಿತೇ? ಪಾಠದ ನಡುವೆ ಮಾತು ತಪ್ಪುತ್ತಿತ್ತು. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಸುದ್ದಿ ಹುಡುಕುತ್ತಿದ್ದಳು. ಕೊನೆಗೆ ತಿಯಾಮಿಕೆಯ ಪತ್ರವೇ ಬಂತು. ಭಾರತದ ಜೊತೆಗೇ ಒಪ್ಪಂದವಾಗಿತ್ತು. ಭೂಮಿಯಿಲ್ಲದ ಮನೆಗಳಿಗೆ ಮೊದಲು ಕೆಲಸ, ಸೋಲಾರ್ ಫಲಕಗಳ ಸಾಲುಗಳ ನಡುವೆ ಮೇಕೆಗಳಿಗೆ ದಾರಿ ಎಂದು ಅದರಲ್ಲಿ ಸೇರಿಸಿದ್ದರು. "ಇನ್ನೊಂದು ದೇಶದವರು ನಮಗೆ ಸಿನಿಮಾ ತೋರಿಸಿದರು. ನಿಮ್ಮಲ್ಲಿ ಒಬ್ಬ ಹೆಂಗಸು ನಿಜ ಮಾತಾಡಿದಳು, ಅದಕ್ಕೇ ನಂಬಿದೆವು," ಎಂದು ಬರೆದಿದ್ದಳು.

ಅದೇ ಭಾನುವಾರ ಫರೀಹಾ ಬಸ್ಸು ಹತ್ತಿ ಬಲಸಮುದ್ರಕ್ಕೆ ಹೋಗಿ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದಳು. ಈ ಸಲ ಒಂದಕ್ಷರವೂ ಬಿಡಲಿಲ್ಲ. ಅಂದು ಮರದಡಿ ನುಂಗಿದ್ದನ್ನೂ ಒಪ್ಪಿಕೊಂಡಳು.

"ಆಮೇಲಾದ್ರೂ ಹೇಳ್ದಲ್ಲ, ಬುಡು," ಎಂದಳು ಆಂಜಿನಮ್ಮ. "ಅಲ್ಲಿ ಹೆಂಗಸ್ರು ಬದುಕ್ಕಂಡ್ರು." ಆಮೇಲೆ ಪಾರ್ಕಿನ ಕಡೆ ಕೈ ತೋರಿಸಿ, "ಅವ್ರಿಗೆ ಹೇಳ್ದಂಗೆ ನಮ್ಮ ಪಾರ್ಕಿನೋರ್ಗೂ ಹೇಳ್ಬೋದಲ್ಲಾ? ಇದಕ್ಕೆ ಇಂಗ್ಲೀಸೂ ಬ್ಯಾಡ," ಎಂದಳು.

ಫರೀಹಾ ಪತ್ರ ಮಡಚಿ ಚೀಲಕ್ಕೆ ಹಾಕಿದಳು. "ನಡೀರಿ," ಎಂದೆದ್ದಳು. ಬಿಸಿಲಲ್ಲಿ ಇಬ್ಬರೂ ಪಾರ್ಕಿನ ಕಚೇರಿವರೆಗೆ ನಡೆದರು. ಸಾಹೇಬರು ಸೋಮವಾರ ಸಿಗುತ್ತಾರೆ ಎಂದ ಕಾವಲುಗಾರ ಗೇಟು ತೆರೆಯಲಿಲ್ಲ.

"ನಾಳೆ ಬತ್ತೀಯಾ?" ಎಂದಳು ಆಂಜಿನಮ್ಮ.

ನಾಳೆ ಮೊದಲ ಪೀರಿಯಡ್ಡೇ ಫರೀಹಾಳದ್ದು. "ಬರ್ತೀನಿ," ಎಂದು ರಜೆ ಕೇಳಲು ಪ್ರಿನ್ಸಿಪಾಲರಿಗೆ ಫೋನ್ ಮಾಡಿದಳು.